ಸ್ಪೀಕರ್ ಗುಂಯ್ ಎಂದರೆ ಅರ್ತ್ ಪಿನ್ನಿಗೆ ಕೈ ಹಾಕಬೇಡಿ

ಮೊನ್ನೆ ಮೊಮ್ಮಗನ ಕೋಣೆಗೆ ಹೋದರೆ ಅವನು ಇಕ್ಕಳ ಹಿಡಿದು ಆಂಪ್ಲಿಫೈಯರ್ ಪ್ಲಗ್ಗಿನ ಅರ್ತ್ ಪಿನ್ನು ಕೀಳಲು ಕೂತಿದ್ದ. "ಗುಂಯ್ ಸದ್ದು ಹೋಗುತ್ತೆ ಅಜ್ಜಿ" ಎಂದ. ಇಕ್ಕಳ ಕಿತ್ತುಕೊಂಡೆ. ಸದ್ದು ಹೋಗುವುದು ನಿಜ. ಆದರೆ ಒಳಗೆ ಯಾವುದೋ ವೈರು ಬಿಚ್ಚಿ ಲೋಹದ ಡಬ್ಬಿಗೆ ತಾಗಿತು ಎಂದುಕೊಳ್ಳಿ. ಅರ್ತ್ ಇದ್ದರೆ ಕರೆಂಟು ಆ ದಾರಿಯಲ್ಲಿ ಹರಿದು ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯಲ್ಲೇ ಹರಿಯುತ್ತದೆ. ಇಷ್ಟು ಓದಿದ ಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಬೇಕು?

ಅವನ ಆಂಪ್ಲಿಫೈಯರ್ ಒಂದು ಗೋಡೆಯ ಪ್ಲಗ್ಗಿನಲ್ಲಿತ್ತು, ಟಿವಿ ಎದುರು ಗೋಡೆಯಲ್ಲಿ. ಎರಡು ಕಡೆಯ ಅರ್ತ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುವಿನ ಆಡಿಯೋ ವೈರಿನ ಹೊರ ಜಾಲರಿಯಲ್ಲಿ ಸಣ್ಣ ಕರೆಂಟು ಸುತ್ತು ಹೊಡೆಯುತ್ತದೆ, ಅದೇ ಗುಂಯ್ ಎಂದು ಕೇಳಿಸುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಎಲ್ಲವನ್ನೂ ಒಂದೇ ಒಳ್ಳೆಯ ಬೋರ್ಡಿಗೆ ಹಾಕಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆ ಬೋರ್ಡಿಗೆ ಹೀಟರ್, ಇಸ್ತ್ರಿಪೆಟ್ಟಿಗೆ ಮಾತ್ರ ಬೇಡ.

ಅಷ್ಟಕ್ಕೂ ಸದ್ದು ನಿಲ್ಲದಿದ್ದರೆ ಕಳ್ಳನನ್ನು ಹುಡುಕಬೇಕು. ಇದನ್ನು ನಾನು ರಾತ್ರಿಯೇ ಮಾಡುವುದು. ಮನೆಯವರು ಮಲಗಿರಬೇಕು, ಫ್ಯಾನ್ ಆರಿಸಿರಬೇಕು. ಮೊದಲು ಹಾಡಿಲ್ಲದೆ ವಾಲ್ಯೂಮ್ ನಿಧಾನ ಏರಿಸಿ, ಇಳಿಸಿ. ಪೂರ್ತಿ ಇಳಿಸಿದರೂ ಗುಂಯ್ ಅಷ್ಟೇ ಇದ್ದರೆ ತೊಂದರೆ ಆಂಪ್ಲಿಫೈಯರಿನ ಒಳಗೇ ಇರಬಹುದು, ರಿಪೇರಿಯವರಿಗೆ ತೋರಿಸಿ. ಜೊತೆಗೇ ಏರಿದರೆ ಅದು ಯಾವುದೋ ವೈರಿನಿಂದ ಒಳಗೆ ಬಂದದ್ದು. ಈಗ ಆಂಪ್ಲಿಫೈಯರ್ ಆರಿಸಿ, ಹಿಂದಿನ ಆಡಿಯೋ ವೈರುಗಳನ್ನೆಲ್ಲ ಬಿಚ್ಚಿ. ಆರಿಸದೆ ಮುಟ್ಟಬೇಡಿ. ಆಡಿಯೋ ವೈರಿನ ತುದಿಯ ಪ್ಲಗ್ಗಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಸುತ್ತಲಿನ ಬಳೆ ಆಮೇಲೆ. ಆ ಒಂದು ಕ್ಷಣದಲ್ಲಿ ಸ್ಪೀಕರ್ ಭೋರ್ ಎಂದು ಹರಿದೇ ಹೋದೀತು. ಮತ್ತೆ ಹಚ್ಚಿ, ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿ ಕಿವಿ ಇಟ್ಟು ಕೇಳಿ. ಆರಿಸಿ, ಒಂದು ವೈರು ಹಾಕಿ, ಹಚ್ಚಿ, ಕೇಳಿ. ಪುನಃ ಆರಿಸಿ, ಇನ್ನೊಂದು. ಬೇಜಾರು ಎಂದು ಎರಡೆರಡು ಒಟ್ಟಿಗೆ ಹಾಕಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಯಾವುದನ್ನು ಹಾಕಿದಾಗ ಗುಂಯ್ ಎಂದಿತೋ ಅದಕ್ಕೊಂದು ದಾರ ಕಟ್ಟಿಬಿಡಿ.

ಜಾಸ್ತಿ ಸಲ ಸಿಕ್ಕಿಬೀಳುವುದು ಟಿವಿ. ಹೊರಗಿನಿಂದ ಬರುವ ಕೇಬಲ್ ತನ್ನದೇ ಅರ್ತ್ ಹೊತ್ತು ತಂದಿರುತ್ತದೆ. ಆ ಕೇಬಲ್ ಕಿತ್ತಾಗ ಸದ್ದು ನಿಂತರೆ ಅನುಮಾನವೇ ಬೇಡ. ಟಿವಿಯಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ವೈರು ಹಾಕಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟು ದಾಟುವುದೇ ಇಲ್ಲ. ಆಪ್ಟಿಕಲ್ ಜಾಗ ಇಲ್ಲದಿದ್ದರೆ ಆಡಿಯೋ ವೈರಿನ ನಡುವೆ ಐಸೊಲೇಟರ್ ಸೇರಿಸಿ, ಹಾಡನ್ನು ದಾಟಿಸಿ ಆ ಸುತ್ತುವ ಕರೆಂಟನ್ನು ತಡೆಯುವ ಪುಟ್ಟ ಡಬ್ಬಿ ಅದು.

ನಮ್ಮ ಯಜಮಾನರ ರೆಕಾರ್ಡ್ ಪ್ಲೇಯರ್ ಎಷ್ಟೋ ತಿಂಗಳು ಹೀಗೇ ಗುಂಯ್‌ಗುಟ್ಟಿತ್ತು. ಸೂಜಿಯೇ ಹಾಳಾಗಿದೆ ಎಂದು ಹೊಸದು ತಂದರು. ಆಮೇಲೊಂದು ದಿನ ನಾನು ಧೂಳು ಹೊಡೆಯಲು ಹಿಂದೆ ಬಗ್ಗಿದೆ. ದಾರದಷ್ಟು ಸಣ್ಣ ಗ್ರೌಂಡ್ ವೈರು ಸ್ಕ್ರೂ ಬಿಟ್ಟು ನೇತಾಡುತ್ತಿತ್ತು. ಬೆರಳಲ್ಲೇ ಬಿಗಿ ಮಾಡಿದೆ, ಸದ್ದು ನಿಂತಿತು. ರೆಕಾರ್ಡ್ ಪ್ಲೇಯರ್ ಇದ್ದವರು ಮೊದಲು ಅದನ್ನೇ ನೋಡಿ.

ಕರೆಂಟಿನ ವೈರು, ಆಡಿಯೋ ವೈರು ಎರಡನ್ನೂ ಸೇರಿಸಿ ಜಡೆ ಹೆಣೆದಂತೆ ಕಟ್ಟುವುದು ಬೇಡ. ನಡುವೆ ಒಂದು ಗೇಣಾದರೂ ಇರಲಿ. ದಾಟಲೇಬೇಕಾದರೆ ಕೂಡಿಸುವ ಗುರುತಿನ ಹಾಗೆ ಅಡ್ಡಡ್ಡ ದಾಟಿಸಿ. ಗುಂಯ್ ಅಲ್ಲದೆ ಜರ್ ಎಂಬ ಸದ್ದಾದರೆ ದೀಪದ ಡಿಮ್ಮರ್, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದೇ ಆರಿಸಿ ನೋಡಿ.

ಇನ್ನು ಹಚ್ಚುವ ಕ್ರಮ. ಪ್ಲೇಯರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು. ಇಲ್ಲದಿದ್ದರೆ ಪ್ಲೇಯರಿನ ಟಪ್ ಎಂಬ ಸದ್ದೂ ದೊಡ್ಡದಾಗಿ ಸ್ಪೀಕರಿಗೆ ಬಡಿಯುತ್ತದೆ. ಗುಡುಗು ದೂರ ಇರುವಾಗಲೇ ಪ್ಲಗ್ ಕೀಳಿ, ಟಿವಿಯ ಕೇಬಲ್ಲನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲು ಆ ಸಣ್ಣ ಸಂದನ್ನು ಹಾರಿ ದಾಟುತ್ತದೆ.