ಮರೆತುಬಿಟ್ಟ ಒಂದು ಬಾರ್

ಸ್ಕೂಬಾ ಡೈವಿಂಗಿನಲ್ಲಿ ನೈಟ್ರಾಕ್ಸ್, ಅಂದರೆ ಮಾಮೂಲಿ ಗಾಳಿಗಿಂತ ಆಕ್ಸಿಜನ್ ಜಾಸ್ತಿ ಇರುವ ಮಿಶ್ರಣ, ಬಳಸೋದು ಕಲಿತ ಹೊಸತು. ಸಿಲಿಂಡರಿನ ಟೇಪಿನ ಮೇಲೆ ನಾನೇ ಬರೆದಿದ್ದೆ: ಆಕ್ಸಿಜನ್ 36%, ಗರಿಷ್ಠ ಆಳ 38 ಮೀಟರ್. ಲೆಕ್ಕ ಸುಲಭವಾಗಿತ್ತು. ಆಕ್ಸಿಜನ್ನಿನ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, 1.4 ಬಾರ್ ದಾಟಬಾರದು (ಬಾರ್ ಅಂದರೆ ಒತ್ತಡದ ಅಳತೆ). 1.4ನ್ನು 0.36ರಿಂದ ಭಾಗಿಸಿದರೆ 3.89. ಸಮುದ್ರದಲ್ಲಿ ಹತ್ತು ಮೀಟರಿಗೆ ಒಂದು ಬಾರ್. ಅಲ್ಲಿಗೆ 38.9 ಮೀಟರ್. ಹುಷಾರಿಗೆ ಅಂತ 38 ಮಾಡಿದ್ದೆ ಬೇರೆ!

ಜೊತೆಗೆ ಇಳಿಯಬೇಕಿದ್ದ ಗೆಳೆಯ ಟೇಪ್ ನೋಡಿದ. "ಈಗ ದೋಣಿ ಮೇಲೆ ಕೂತಿದ್ದೀವಲ್ಲ, ಇಲ್ಲಿ ಒತ್ತಡ ಎಷ್ಟು?" ಅಂದ.

"ಒಂದು ಬಾರ್."

"ಅದನ್ನ ಎಲ್ಲಿ ಬಿಟ್ಟೆ?"

ನೀರಿನ ಮೇಲೆ ಗಾಳಿಯ ಭಾರವೂ ಕೂತಿದೆ, ಅಲ್ವಾ? 3.89 ಒಟ್ಟು ಒತ್ತಡ. ಅದರಲ್ಲಿ ಗಾಳಿಯ ಒಂದು ಬಾರ್ ಕಳೆದರೆ ನೀರಿನ ಪಾಲು 2.89. ಅಂದರೆ ನನ್ನ ಮಿತಿ 28 ಮೀಟರ್ ಚಿಲ್ಲರೆ. 38ಕ್ಕೆ ಇಳಿದಿದ್ದರೆ ಒಟ್ಟು 4.8 ಬಾರ್, ಅದರ 36% ಎಂದರೆ 1.73. ಸುಮ್ನೆ ತೇಲುತ್ತಾ ನಿಂತವರಿಗೂ 1.6 ಕೊನೆಯ ಗೆರೆ. ಅದರಾಚೆ ಯಾವ ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದರೆ ಬಾಯಲ್ಲಿರುವ, ಉಸಿರಾಡುವ ರೆಗ್ಯುಲೇಟರ್ ಜಾರುತ್ತದೆ. ಮುಂದಿನದು ಹೇಳಬೇಕಾಗಿಲ್ಲ.

ಅಂದಿನಿಂದ ಉತ್ತರ ಬಂದ ಮೇಲೆ ತಿರುಗಿಸಿ ನೋಡುತ್ತೇನೆ. ಆಳವನ್ನು ಹತ್ತರಿಂದ ಭಾಗಿಸಿ, ಒಂದು ಸೇರಿಸಿ, ಅನಿಲದ ಪಾಲಿನಿಂದ ಗುಣಿಸುವುದು. 28 ಮೀಟರಿಗೆ 3.8 × 0.36 = 1.37. ಸರಿ.

ಮೊದಮೊದಲು ನನಗೆ ಶೇಕಡಾವೇ ಗೊಂದಲ. ಕೆಳಗಿಳಿದರೂ ಗಾಳಿಯಲ್ಲಿ ಆಕ್ಸಿಜನ್ 21% ತಾನೇ, ಹೆಚ್ಚಾಗುವುದು ಏನು? ಪಾಲು ಬದಲಾಗುವುದಿಲ್ಲ, ನಿಜ. ಆದರೆ ಆಳದಲ್ಲಿ ಪ್ರತಿ ಉಸಿರಿನಲ್ಲೂ ಗಾಳಿ ಒತ್ತಾಗಿ ತುಂಬಿರುತ್ತದೆ. 40 ಮೀಟರಿನಲ್ಲಿ ಮಾಮೂಲಿ ಗಾಳಿಯ ಆಕ್ಸಿಜನ್ ಒತ್ತಡ 5 × 0.21, ಅಂದರೆ 1.05 ಬಾರ್. ಮೇಲೆ ಶುದ್ಧ ಆಕ್ಸಿಜನ್ ಉಸಿರಾಡಿದರೂ ಹೆಚ್ಚುಕಡಿಮೆ ಇಷ್ಟೇ! ದೇಹಕ್ಕೆ ಲೆಕ್ಕ ಇರುವುದು ಈ ಒತ್ತಡದ್ದು, ಶೇಕಡಾದ್ದಲ್ಲ. ಅಲ್ಲೇ ನೈಟ್ರೋಜನ್ 3.95 ಬಾರ್ ಇರುತ್ತದೆ. ಮಂಪರು ಹತ್ತಿ ತಲೆ ಮಂದವಾಗುವುದು ಅದರಿಂದ. ಹಾಗಾಗಿ ನೀರೊಳಗೆ ಲೆಕ್ಕ ಮಾಡುವ ಧೈರ್ಯ ನನಗಿಲ್ಲ, ಎಲ್ಲ ಮೇಲೇ ಮುಗಿಸುತ್ತೇನೆ.

ಲೆಕ್ಕ ಸರಿಯಿದ್ದರೂ ಸಿಲಿಂಡರಿನಲ್ಲಿ ಇರುವುದೇ ಬೇರೆ ಇರಬಹುದು. ಆಕ್ಸಿಜನ್ ಪಾಲು ಅಳೆಯುವ ಅನಲೈಸರನ್ನು ಮೊದಲು ತೆರೆದ ಗಾಳಿಯಲ್ಲಿ 20.9ಕ್ಕೆ ಹೊಂದಿಸಿ, ಆಮೇಲೆ ನಾನೇ ಅಳೆಯುತ್ತೇನೆ. ಒಮ್ಮೆ 32% ಎಂದು ಕೊಟ್ಟ ಸಿಲಿಂಡರಿನಲ್ಲಿ 34 ತೋರಿಸಿತು. ಎರಡೇ ಅಂಕಿ ಜಾಸ್ತಿ, ಆದರೆ ಮಿತಿ 33ರಿಂದ 31 ಮೀಟರಿಗೆ ಬಂತು. ನಾವು ನೋಡಬೇಕಿದ್ದ ಮುಳುಗಿದ ಹಡಗಿನ ತಳ ಇದ್ದದ್ದು 33ರಲ್ಲಿ. ಟೇಪ್ ಕಿತ್ತು ಹೊಸದಾಗಿ ಬರೆದೆ. 31ರಲ್ಲೇ ತೇಲುತ್ತಾ, ತಳವನ್ನು ಮೇಲಿನಿಂದಲೇ ನೋಡಿಕೊಂಡು ಬಂದೆವು.