ಹಡಗಿನ ಮೇಲೆ ಹಾರ್ನೆಟ್ ಇಳಿಸೋದು ಹೇಗೆ: ಬಟನ್ ಕೆಲ್ಸ ಎಲ್ಲಾ ತಿರುವಿಗೆ ಮೊದ್ಲೇ

ಕಾರವಾರದ ಹುಡುಗ್ರಿಗೆ ಯುದ್ಧವಿಮಾನದ ಹುಚ್ಚು ಹಿಡಿಸೋದು ಕಷ್ಟ ಏನಲ್ಲ. ಟ್ಯಾಗೋರ್ ಬೀಚಲ್ಲಿ ಚಾಪೆಲ್ ಯುದ್ಧನೌಕೆ ಇದೆ, ಅದರ ಹತ್ರಾನೇ ಟುಪೊಲೆವ್-142 ವಿಮಾನ ನಿಲ್ಲಿಸಿದಾರೆ, 2014ರ ಜನವರಿಲಿ ವಿಕ್ರಮಾದಿತ್ಯ ಕದಂಬ ನೌಕಾನೆಲೆಗೆ ಬಂದ ಮೇಲಂತೂ ವಿಮಾನ ಇಳಿಯೋ ಹಡಗು ಅಂದ್ರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಅದಕ್ಕೇ ಇರ್ಬೇಕು, ಕಂಪ್ಯೂಟರ್‌ನಲ್ಲಿ ಡಿಸಿಎಸ್ ಅನ್ನೋ ವಿಮಾನ ಹಾರಿಸೋ ಸಿಮ್ಯುಲೇಟರ್ ಆಟ ಹಾಕ್ಕೊಂಡ ಹುಡುಗ್ರು ನನ್ ಹತ್ರ ಕೇಳೋದೆಲ್ಲ ಒಂದೇ, ಎಫ್‌ಎ-18ಸಿ ಹಾರ್ನೆಟ್ ಯುದ್ಧವಿಮಾನನ ಹಡಗಿನ ಮೇಲೆ ಇಳಿಸೋದು ಹೇಗೆ ಅಂತ.

ಈ ಹಾರ್ನೆಟ್ 2018ರಲ್ಲಿ ಅರ್ಲಿ ಆಕ್ಸೆಸ್‌ನಲ್ಲಿ, ಅಂದ್ರೆ ಪೂರ್ತಿ ಆಗೋ ಮೊದ್ಲೇ ಮಾರಾಟಕ್ಕೆ, ಬಂದಾಗ ಕಾಕ್‌ಪಿಟ್‌ನಲ್ಲಿ ಎಷ್ಟೋ ಸಿಸ್ಟಮ್ ಇನ್ನೂ ಇರ್ಲಿಲ್ಲ. ಹೆಲ್ಮೆಟ್ ಡಿಸ್‌ಪ್ಲೇ, ಟಾರ್ಗೆಟಿಂಗ್ ಪಾಡ್, ತಾನಾಗೇ ಇಳಿಸೋ ಎಸಿಎಲ್‌ಎಸ್, ಇವೆಲ್ಲ ಒಂದೊಂದೇ ಅಪ್‌ಡೇಟಲ್ಲಿ ಬಂದಿದ್ದು. ಹೊಸದು ಬಂದಾಗೆಲ್ಲ ಹುಡುಗ್ರು ಅದರ ಹಿಂದೆ ಓಡ್ತಾರೆ, ತಪ್ಪಲ್ಲ, ಆದ್ರೆ ಇಳಿಯೋಕೆ ನಿಜವಾಗಿ ಬೇಕಾದ್ದು ಮೂರೇ: ವಿಮಾನಕ್ಕೆ ತಾನೆಲ್ಲಿದೀನಿ ಅಂತ ತಿಳಿಸೋ ಐಎನ್‌ಎಸ್, ಹಡಗು ಎಲ್ಲಿದೆ ಅಂತ ಹೇಳೋ ಟ್ಯಾಕಾನ್, ಇಳಿಯೋ ದಾರಿ ತೋರಿಸೋ ಐಸಿಎಲ್‌ಎಸ್. ಇವನ್ನ ಯಾವಾಗ ಒತ್ಬೇಕು ಅನ್ನೋದು ಹೇಗೆ ಒತ್ಬೇಕು ಅನ್ನೋದಕ್ಕಿಂತ ದೊಡ್ಡದು.

ಮೇ ರಜೆಲಿ ಶಿರಸಿಯಿಂದ ಚಿಕ್ಕಪ್ಪನ ಮಗ ಬಂದಿದ್ದ. ಹಾರಿಸೋ ಕೈ ಚೆನ್ನಾಗಿದೆ ಅವಂದು. ಹಡಗಿನ ಹಿಂದೆ ಕೊನೇ ತಿರುವಲ್ಲಿ ಇದ್ದಾಗ "ಅಣ್ಣ, ಐಎಲ್‌ಎಸ್ ಹಾಕೋದು ಮರ್ತೋಯ್ತು" (ಐಸಿಎಲ್‌ಎಸ್ ಬಟನ್ ಮೇಲೆ ಐಎಲ್‌ಎಸ್ ಅಂತಾನೇ ಇರೋದು) ಅಂತ ಮೌಸ್ ಕಡೆ ಕೈ ಹಾಕಿದ, ಥ್ರಾಟಲ್, ಅಂದ್ರೆ ಎಂಜಿನ್ ಪವರ್ ಹಿಡಿಕೆ, ಮೇಲಿದ್ದ ಎಡಗೈ ಅಲ್ಲೇ ನಿಂತ್ಬಿಡ್ತು, ಕಣ್ಣು ಕೆಳಗಿನ ಬಟನ್ ಮೇಲೆ, ನಾಲ್ಕೈದು ಸೆಕೆಂಡ್ ಅಷ್ಟೇ, ತಲೆ ಎತ್ತಿ ನೋಡೋವಾಗ ಹಡಗಿನ ಹಿಂಭಾಗದ ಗೋಡೆ ಸ್ಕ್ರೀನ್ ತುಂಬಾ ಇತ್ತು. ತಿರುವಿಗೆ ಮೊದ್ಲೇ ಬಟನ್ ಕೆಲ್ಸ ಮುಗಿದಿರ್ಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ.

ಮೊದ್ಲು ಡೆಕ್ ಮೇಲೆ ನಿಂತಿರುವಾಗಿನ ಕೆಲ್ಸ. ಎಂಜಿನ್ ಎರಡೂ ಸ್ಟಾರ್ಟ್ ಆದ್ಮೇಲೆ ಬಲಗಡೆ ಕನ್ಸೋಲ್‌ನ ಐಎನ್‌ಎಸ್ ನಾಬ್ ಸಿವಿಗೆ ತಿರುಗಿಸ್ರಿ. ನೆಲದ ರನ್‌ವೇ ಆದ್ರೆ ಜಿಎನ್‌ಡಿ, ಹಡಗಾದ್ರೆ ಸಿವಿ, ಯಾಕಂದ್ರೆ ಹಡಗು ಓಡ್ತಾ ಇರತ್ತೆ, ವಿಮಾನಕ್ಕೆ ತಾನೆಲ್ಲಿದೀನಿ ಅನ್ನೋದನ್ನ ಹಡಗಿನಿಂದಾನೇ ತಿಳ್ಕೊಬೇಕು. ಪಾರ್ಕಿಂಗ್ ಬ್ರೇಕ್ ಹಾಕಿರ್ಬೇಕು. ಹೀಗೆ ಜಾಗ ತಿಳ್ಕೊಂಡು ಪೂರ್ತಿ ಅಲೈನ್ ಆಗೋಕೆ ಹಲವು ನಿಮಿಷ ಹಿಡಿಯತ್ತೆ, ಅಷ್ಟು ಪುರುಸೊತ್ತಿಲ್ಲ ಅಂದ್ರೆ ದಿಕ್ಕು ದೂರ ತೋರಿಸೋ ಎಚ್‌ಎಸ್‌ಐ ಪೇಜಲ್ಲಿ ಸ್ಟೋರ್ಡ್ ಹೆಡಿಂಗ್ ಬಟನ್ ಒತ್ತಿದ್ರೆ ಬೇಗ ಮುಗಿಯತ್ತೆ. ಓಕೆ ಅಂತ ಬಂದ್ಮೇಲೆ ನಾಬ್‌ನ ಐಎಫ್‌ಎಗೆ, ಅಂದ್ರೆ ಹಾರುವಾಗಿನ ಸ್ಥಾನಕ್ಕೆ, ತಿರುಗಿಸ್ರಿ. ಮಳೆಗಾಲದಲ್ಲಿ ನಮ್ಕಡೆ ಕರೆಂಟು ಯಾವಾಗ ಹೋಗತ್ತೆ ಹೇಳೋಕಾಗಲ್ಲ, ಅದಕ್ಕೆ ಯುಪಿಎಸ್ ಇಲ್ದೆ ಇಷ್ಟು ಉದ್ದದ ಸ್ಟಾರ್ಟಪ್‌ಗೆ ಕೂತ್ಕೊಬೇಡಿ.

ಇನ್ನು ಟ್ಯಾಕಾನ್. ಕಣ್ಣೆದುರು ಗಾಜಿನ ಮೇಲೆ ಅಂಕಿ ತೋರಿಸೋ ಎಚ್‌ಯುಡಿ ಕೆಳಗೆ ನಂಬರ್ ಕೀಗಳಿರೋ ಫಲಕ ಇದೆಯಲ್ಲ, ಯುಎಫ್‌ಸಿ, ಅದರಲ್ಲಿ ಟಿಸಿಎನ್ ಒತ್ತಿ, ಚಾನೆಲ್ ನಂಬರ್ ಹಾಕಿ, ಎಂಟರ್ ಕೊಟ್ಟು, ಚಾನೆಲ್ ಬಗೆ ಎಕ್ಸ್ ಅಂತ ಆಯ್ಕೆ ಆಗಿದೆಯಾ ನೋಡ್ಕೊಂಡು ಆನ್ ಮಾಡ್ರಿ. ನಂಬರ್ ಮಿಷನ್ ಬ್ರೀಫಿಂಗಲ್ಲಿರತ್ತೆ, ಒಂದು ಚೀಟಿಲಿ ಬರ್ಕೊಂಡು ಮಾನಿಟರ್‌ಗೆ ಅಂಟಿಸ್ಕೊಳ್ರಿ. ಆಮೇಲೆ ಎಚ್‌ಎಸ್‌ಐಲಿ ಟಿಸಿಎನ್ ಪಕ್ಕದ ಬಟನ್ ಒತ್ತಿ ಅದರ ಸುತ್ತ ಚೌಕ ಬರ್ಸಿ. ಚೌಕ ಬಂದ್ರೇನೇ ದಿಕ್ಕು, ದೂರ ಎರಡೂ ನಿಮ್ಗೆ ಸಿಗೋದು. ದೇವಗಡ ದ್ವೀಪದ ದೀಪಸ್ತಂಭ ನೋಡ್ಕೊಂಡು ರಾತ್ರಿ ಬೈತಖೋಲಕ್ಕೆ ಬರೋ ದೋಣಿಯವರಿಗೆ ದಡ ಯಾವ ಕಡೆ ಅಂತ ಗೊತ್ತಾಗತ್ತಲ್ಲ, ಟ್ಯಾಕಾನ್ ಕೆಲ್ಸನೂ ಅದೇ, ಜೊತೆಗೆ ಎಷ್ಟು ಮೈಲಿ ಅಂತನೂ ಹೇಳತ್ತೆ.

ಐಸಿಎಲ್‌ಎಸ್ ಬೇರೆ. ಅದು ಹಡಗು ಎಲ್ಲಿದೆ ಅಂತ ಹೇಳಲ್ಲ, ಡೆಕ್‌ಗೆ ಇಳಿಯೋ ದಾರಿ ತೋರಿಸತ್ತೆ. ಯುಎಫ್‌ಸಿಲಿ ಐಎಲ್‌ಎಸ್ ಒತ್ತಿ, 1ರಿಂದ 20ರೊಳಗಿನ ಚಾನೆಲ್ ಹಾಕಿ, ಆನ್ ಮಾಡಿ, ಎಚ್‌ಎಸ್‌ಐಲಿ ಐಎಲ್‌ಎಸ್‌ಗೂ ಚೌಕ ಬರ್ಸಿ. ಎಚ್‌ಯುಡಿ ಮೇಲೆ ಒಂದು ಅಡ್ಡ ಗೀಟು ಒಂದು ಉದ್ದ ಗೀಟು ಬರತ್ತೆ, ಗೀಟು ಎಲ್ಲಿದೆಯೋ ವಿಮಾನನ ಆ ಕಡೆ ಒಯ್ಬೇಕು. ಅಡ್ಡ ಗೀಟು ಮೇಲಿದ್ರೆ ನೀವು ದಾರಿಗಿಂತ ಕೆಳಗಿದೀರಿ. ಒಂದು ವಿಷ್ಯ ತಲೇಲಿರ್ಲಿ, ಇಳಿಯೋ ಡೆಕ್ ಹಡಗಿನ ನೇರಕ್ಕಿಲ್ಲ, ಸುಮಾರು 9 ಡಿಗ್ರಿ ಎಡಕ್ಕೆ ಓರೆ, ಹಂಗಾಗಿ ಹಡಗು ಮುಂದೆ ಹೋದ ಹಾಗೆ ಡೆಕ್ ಬಲಕ್ಕೆ ಸರೀತಾನೇ ಇರತ್ತೆ, ನೀವೂ ಬಲಕ್ಕೆ ಚೂರು ಚೂರೇ ತಿದ್ಕೊಳ್ತಾ ಇರ್ಬೇಕು.

ಇಷ್ಟೂ ಹಡಗಿನಿಂದ ಹತ್ತಾರು ಮೈಲಿ ದೂರ ಇರುವಾಗಲೇ ಮುಗಿಸಿ. ಹಗಲಲ್ಲಿ ಆಕಾಶ ಸ್ಪಷ್ಟ ಇದ್ರೆ ಹಡಗಿನ ಬಲಬದಿಲಿ 800 ಅಡಿ ಎತ್ತರದಲ್ಲಿ, ಸುಮಾರು 350 ನಾಟ್ ವೇಗದಲ್ಲಿ ಬಂದು ಹಡಗು ದಾಟಿದ್ಮೇಲೆ ಎಡಕ್ಕೆ ತಿರುಗಿ. ವೇಗ 250ಕ್ಕಿಂತ ಕೆಳಗೆ ಬಂದ್ಮೇಲೆ ಗೇರ್ ಇಳಿಸಿ, ಫ್ಲಾಪ್ ಫುಲ್, ಡೆಕ್ ಮೇಲಿನ ವೈರ್ ಹಿಡಿಯೋ ಹುಕ್ ಕೆಳಗೆ. ಹಡಗಿಗೆ ಎದುರು ದಿಕ್ಕಲ್ಲಿ 600 ಅಡಿಲಿ ಹೋಗುವಾಗ ಟ್ರಿಮ್ ಬಟನ್‌ನಿಂದ ಮೂತಿ ಚೂರು ಚೂರೇ ಸರಿ ಮಾಡಿ ಆಂಗಲ್ ಆಫ್ ಅಟ್ಯಾಕ್, ಅಂದ್ರೆ ಎದುರು ಗಾಳಿಗೆ ರೆಕ್ಕೆಯ ಓರೆ, 8.1 ಡಿಗ್ರಿಗೆ ತರ್ಬೇಕು. ಎಚ್‌ಯುಡಿ ಪಕ್ಕ ಮೂರು ಪುಟ್ಟ ದೀಪ ಇದೆ ನೋಡಿ: ಹಸಿರು ಬಂದ್ರೆ ವೇಗ ಕಮ್ಮಿ, ಕೆಂಪು ಬಂದ್ರೆ ಜಾಸ್ತಿ, ನಡುವಿನ ಹಳದಿ ಉಂಗುರ ಬಂದ್ರೆ ಸರಿ. ಆ ಉಂಗುರ ಬಂದ್ಮೇಲೆ ಸ್ಟಿಕ್ ಹಿಂದೆ ಮುಂದೆ ಎಳೀಬೇಡಿ, ಮೇಲೆ ಕೆಳಗೆ ಹೋಗೋದೆಲ್ಲ ಥ್ರಾಟಲ್‌ನಲ್ಲೇ. ಸ್ಟಿಕ್ ಎಳೆದು ಎತ್ತರ ಸರಿ ಮಾಡೋ ಅಭ್ಯಾಸ ಬಿಡ್ಸೋಕೆ ನಂಗೆ ತಿಂಗಳುಗಟ್ಲೆ ಹಿಡ್ದಿದೆ, ಅದು ಬಿಟ್ರೆ ಅರ್ಧ ಕೆಲ್ಸ ಆದಂಗೆ.

ಹಡಗಿನ ಹಿಂತುದಿ ನಿಮ್ಮ ರೆಕ್ಕೆ ನೇರಕ್ಕೆ ಬಂದಾಗ ಕೊನೇ ತಿರುವು ಶುರು. ತಿರುವು ಮುಗಿದು ಸುಮಾರು ಮುಕ್ಕಾಲು ಮೈಲಿ ಉಳಿದಾಗ ಡೆಕ್‌ನ ಎಡಕ್ಕೆ ಬೆಳಕಿನ ಚೆಂಡು ಕಾಣತ್ತೆ, ಅದಕ್ಕೆ ಮೀಟ್‌ಬಾಲ್ ಅಂತಾರೆ. ಹಸಿರು ದೀಪಗಳ ಸಾಲಿಗಿಂತ ಚೆಂಡು ಮೇಲಿದ್ರೆ ನೀವು ಮೇಲಿದೀರಿ, ಕೆಳಗಿಳಿದ್ರೆ ನೀವು ತಗ್ಗಿದೀರಿ, ಕೆಂಪಾದ್ರೆ ತಕ್ಷಣ ಪವರ್ ಕೊಡಿ. ಇಲ್ಲಿಂದ 15ರಿಂದ 18 ಸೆಕೆಂಡ್ ಅಷ್ಟೇ ಇರೋದು. ಚೆಂಡು, ಡೆಕ್‌ನ ನಡುಗೆರೆ, ಆ ಹಳದಿ ಉಂಗುರ, ಕಣ್ಣು ಈ ಮೂರರ ಮೇಲೇ ತಿರುಗ್ತಾ ಇರ್ಲಿ.

ಎಸಿಎಲ್‌ಎಸ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳೋರಿಗೆ, ಕೈಲಿ ಕಡಿಮೆ ಅಂದ್ರೂ ಐವತ್ತು ಸಲ ಇಳಿಸಿ, ಆಮೇಲೆ ಅದನ್ನ ಹಾಕ್ಕೊಳ್ರಿ. ಹಡಗಿನ ಜೊತೆಗಿನ ಲಿಂಕ್ ತಪ್ಪಿದ್ರೆ ಉಳಿಸೋದು ನಿಮ್ಮ ಕೈ ಮಾತ್ರ.

ಚಕ್ರ ಡೆಕ್‌ಗೆ ತಾಗಿದ ಕೂಡ್ಲೇ ಥ್ರಾಟಲ್ ಪೂರ್ತಿ ಮುಂದಕ್ಕೆ, ವೈರ್ ಸಿಗ್ದೇ ಹೋದ್ರೆ ಮತ್ತೆ ಹಾರೋಕೆ ಅಷ್ಟು ಪವರ್ ಬೇಕು. ವೈರ್ ಹಿಡಿದು ವಿಮಾನ ನಿಂತಿದ್ದು ಖಾತ್ರಿ ಆದ್ಮೇಲೆ ಐಡಲ್‌ಗೆ ತಂದು, ಹುಕ್ ಎತ್ತಿ, ರೆಕ್ಕೆ ಮಡಚಿ ಬೇಗ ಬಲಕ್ಕೆ ಸರೀರಿ, ಹಿಂದೆ ಇನ್ನೊಬ್ರು ಬರ್ತಾ ಇರ್ತಾರೆ.