ಶೋರೂಮ್ ಗಾಡಿಗಳಿಗೂ ಒಂದು ಆಫ್‌ರೋಡ್ ಸ್ಪರ್ಧೆ: ಟ್ರ್ಯಾಕ್ ಹಾಕುವುದು ಹೀಗೆ

ಆಫ್‌ರೋಡ್ ಸ್ಪರ್ಧೆ ಅಂದರೆ ದೊಡ್ಡ ಟೈರು, ವಿಂಚು (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಎತ್ತರಿಸಿದ ಸಸ್ಪೆನ್ಶನ್. ಕಂಪನಿಯಿಂದ ಬಂದ ಹಾಗೇ ಇರುವ ಥಾರ್, ಜಿಮ್ನಿ, ಗೂರ್ಖಾ, ಹಳೆ ಜಿಪ್ಸಿ ಇಟ್ಟುಕೊಂಡವರು ಹಗ್ಗದಾಚೆ ನಿಂತು ನೋಡುತ್ತಾರೆ. ಮಲೆನಾಡಿನಲ್ಲಿ ಇಂಥ ಗಾಡಿಗಳೇ ಜಾಸ್ತಿ, ಅಲ್ವಾ? ಅವರಿಗೂ ಒಂದು ಸ್ಪರ್ಧೆ ಬೇಕು. ಭಾನುವಾರ ಓಡಿಸಿದ ಗಾಡಿಯಲ್ಲೇ ಸೋಮವಾರ ಕೆಲಸಕ್ಕೆ ಹೋಗುವಂತಿರಬೇಕು.

ಮೊದಲು ಜಾಗ. ಶರಾವತಿ ಕಣಿವೆ, ಶೆಟ್ಟಿಹಳ್ಳಿ ಅಭಯಾರಣ್ಯಗಳ ಕಡೆ ತಲೆ ಹಾಕಲೇಬೇಡಿ. ಅಡಿಕೆ ತೋಟದವರು 'ನಮ್ಮ ಸೊಪ್ಪಿನಬೆಟ್ಟದಲ್ಲೇ ಮಾಡಿ' ಎಂದು ಪ್ರೀತಿಯಿಂದ ಕರೆದರೂ ಒಪ್ಪಬಾರದು. ಅಲ್ಲಿ ಅವರಿಗಿರುವುದು ಸೊಪ್ಪು, ದರಗು ತರುವ ಹಕ್ಕು ಮಾತ್ರ. ಪಹಣಿ ನೋಡಿ, ಖಾಸಗಿ ಜಮೀನೆಂದು ಖಚಿತಪಡಿಸಿಕೊಂಡು, ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಊರಿನ ರಸ್ತೆಯಲ್ಲಿ ಸಮಯದ ಲೆಕ್ಕ ಬೇಡ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ.

ತಿಂಗಳು ಯಾವುದು? ಮಳೆಗಾಲದಲ್ಲಿ ಗಾಲಿ ಕೊರೆದ ಗುರುತು ಮುಂದಿನ ಮಳೆಗೇ ಕೊರಕಲಾಗುತ್ತದೆ. ಡಿಸೆಂಬರಿನಿಂದ ಮೇವರೆಗೆ ಉಣುಗಿನ (ರಕ್ತ ಹೀರುವ ಉಣ್ಣೆ ಹುಳುವಿನ) ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಜನರನ್ನು ಗುಂಪಾಗಿ ಕಾಡಂಚಿಗೆ ಕರೆತರುವ ಕಾಲ ಅದಲ್ಲ. ನನ್ನ ಆಯ್ಕೆ ನವೆಂಬರ್. ನೆಲದಲ್ಲಿ ಹಸಿ ಇರುತ್ತದೆ, ಕೆಸರು ಕಡಿಮೆ. ಆಗ ಗದ್ದೆಯಲ್ಲಿ ಪೈರು, ತೋಟದಲ್ಲಿ ಅಡಿಕೆ ಕೊಯ್ಲು. ಹಾಗಾಗಿ ಖಾಲಿ ಬ್ಯಾಣವೇ (ಹುಲ್ಲು ಬೆಳೆಯುವ ಬಯಲು) ಸರಿ.

ಇನ್ನು ಅಡೆತಡೆಗಳು. ಬರುವ ಗಾಡಿಗಳಲ್ಲಿ ನೆಲಕ್ಕೆ ಹತ್ತಿರವಿರುವುದು ಯಾವುದೋ ಅದೇ ನಿಮ್ಮ ಅಳತೆ. ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ., ಜಿಮ್ನಿಯದು 210. ಕಲ್ಲಿನ ಎತ್ತರ 180 ದಾಟದಿರಲಿ. ನೀರಿನ ವಿಷಯದಲ್ಲೂ ಅಷ್ಟೇ. ಗೂರ್ಖಾ 700 ಮಿ.ಮೀ. ನೀರಲ್ಲಿ ಹೋಗಬಲ್ಲದು ಎಂದು ಅಷ್ಟು ಆಳ ಮಾಡಬೇಡಿ. ಇಂಜಿನ್ನಿನ ಗಾಳಿದಾರಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ನೇ ಹಾಳು. 300 ಮಿ.ಮೀ. ಸಾಕು. ಅದೂ ಹರಿಯುವ ಹಳ್ಳದಲ್ಲಿ ಬೇಡ. ಕೆಳಗಿನ ಮನೆಯವರು ಅದೇ ನೀರು ಕುಡಿಯುತ್ತಿರಬಹುದು. ಹೊಂಡ ತೋಡಿ ಟ್ಯಾಂಕರ್ ನೀರು ತುಂಬಿಸಿ. ಪಕ್ಕಕ್ಕೆ ವಾಲುವ ಇಳಿಜಾರನ್ನಂತೂ ಪೂರ್ತಿ ಬಿಟ್ಟುಬಿಡಿ.

ಬಿದಿರ ಗಳುಗಳ ಗೇಟ್ ಎಲ್ಲರೂ ಹಾಕುತ್ತಾರೆ. ಆದರೆ ಥಾರ್ 1,820 ಮಿ.ಮೀ. ಅಗಲ, ಜಿಮ್ನಿ 1,645. ಒಂದೇ ಗೇಟ್ ಇಟ್ಟರೆ ಜಿಮ್ನಿ ಸಲೀಸಾಗಿ ನುಗ್ಗುತ್ತದೆ, ಥಾರ್ ಒದ್ದಾಡುತ್ತದೆ. ಪ್ರತಿ ಗಾಡಿಯ ಅಗಲಕ್ಕೆ ಎರಡೂ ಬದಿ ಒಂದೊಂದು ಗೇಣು ಸೇರಿಸಿ ಗಳು ಸರಿಸಿ. ಸ್ವಲ್ಪ ಕೆಲಸ ಜಾಸ್ತಿ, ಆದರೆ ಅದೇ ನ್ಯಾಯ.

ಅಂಕದ ಲೆಕ್ಕದಲ್ಲೇ ಸ್ಪರ್ಧೆಯ ಗುಣ ಗೊತ್ತಾಗುತ್ತದೆ. ವೇಗಕ್ಕೆ ಅಂಕ ಕೊಟ್ಟರೆ ಗಾಡಿ ಮುರಿಯುತ್ತದೆ. ಸಮಯಕ್ಕೆ ಗರಿಷ್ಠ ಮಿತಿ ಸಾಕು. ಗಳು ತಾಗಿದರೆ 5, ಗಾಲಿ ಸುಮ್ನೆ ತಿರುಗಿಸಿ ನೆಲ ಅಗೆದರೆ 10, ಸಿಕ್ಕಿಕೊಂಡು ಎಳೆಸಿಕೊಂಡರೆ 20 ಕಳೆಯಿರಿ. ಪ್ರತಿ ಅಡೆತಡೆಗೂ ಒಂದು ಸುತ್ತುದಾರಿ ಇರಲೇಬೇಕು. ಅದನ್ನು ಹಿಡಿದವರಿಗೆ 12 ಮಾತ್ರ ಕಡಿತ. ಇಳಿದು, ನಡೆದು, ನೋಡಿ 'ಇದು ನನ್ನ ಗಾಡಿಗಲ್ಲ' ಎಂದು ತೀರ್ಮಾನಿಸಿದವರು ಸುಮ್ಮನೆ ನುಗ್ಗಿ ಹೂತವರಿಗಿಂತ ಮುಂದಿರಬೇಕು.

ತಪಾಸಣೆಯಲ್ಲಿ ಕಂಪನಿ ಅಳತೆಯ ಟೈರು, ಸೀಟ್‌ಬೆಲ್ಟ್, ಹಿಂದೆ ಮುಂದೆ ಎಳೆಯುವ ಕೊಕ್ಕೆ ನೋಡಿ. ಟ್ರೇಲರ್ ಸಿಕ್ಕಿಸುವ ಗುಂಡನೆಯ ಬಾಲ್‌ಗೆ ಹಗ್ಗ ಕಟ್ಟಲು ಬಿಡಬೇಡಿ. ಅದು ಕಿತ್ತು ಹಾರಿದರೆ ಜೀವಕ್ಕೇ ಅಪಾಯ. ಎಳೆಯುವಾಗ ಜನ ಹಗ್ಗದ ಉದ್ದಕ್ಕಿಂತ ಆಚೆ ಇರಲಿ. ಆಂಬುಲೆನ್ಸ್ ಬರುವ ದಾರಿಗೆ ಬೇರೆ ಗಾಡಿ ನಿಲ್ಲಿಸದಂತೆ ಒಬ್ಬರನ್ನು ನೇಮಿಸಿ.

ಹಿಂದಿನ ದಿನ ಎಲ್ಲರಿಗಿಂತ ಚಿಕ್ಕ ಗಾಡಿಯನ್ನು, ಆಫ್‌ರೋಡ್ ಅಷ್ಟಾಗಿ ಓಡಿಸದವರ ಕೈಗೆ ಕೊಟ್ಟು ಇಡೀ ಟ್ರ್ಯಾಕ್ ಸುತ್ತಿಸಿ. ಅವರು ಎಲ್ಲಿ ಹೂತರೋ ಅಲ್ಲಿ ಅಂದೇ ಸಂಜೆ ಗುದ್ದಲಿ ಹಿಡಿದು ಸರಿ ಮಾಡಿ.